ಬೈಬಲ್ ಓದ್ತಿದ್ದ ಗುಲಾಮರ ಹಡಗಿನ ಕ್ಯಾಪ್ಟನ್ (ಭಾಗ 3)

'ಅಮೇಜಿಂಗ್ ಗ್ರೇಸ್' ಹಾಡು ಗೊತ್ತಲ್ವಾ? ಬರೆದವನು ಇಂಗ್ಲೆಂಡಿನ ಜಾನ್ ನ್ಯೂಟನ್. ಬಿರುಗಾಳಿಗೆ ಸಿಕ್ಕಿ ದೇವರ ಕಡೆ ತಿರುಗಿದ, ತಕ್ಷಣ ಗುಲಾಮರ ವ್ಯಾಪಾರ ಬಿಟ್ಟ ಅಂತ ಕಥೆ ಕೇಳಿರ್ತೀರಿ. ಇತಿಹಾಸ ಅಷ್ಟು ಸಲೀಸಿಲ್ಲ.

ಬಿರುಗಾಳಿ ಬಂದಿದ್ದು 1748ರಲ್ಲಿ. 1750ರಿಂದ 1754ರವರೆಗೆ ಆತ ಗುಲಾಮರ ಹಡಗುಗಳ ಕ್ಯಾಪ್ಟನ್! ಮೇಲೆ ಬೈಬಲ್, ಪ್ರಾರ್ಥನೆ. ಕೆಳಗೆ ಸರಪಳಿಯಲ್ಲಿ ಆಫ್ರಿಕಾದ ಜನ. ಸತ್ತವರನ್ನು ದಿನಚರಿಯಲ್ಲಿ ನಂಬರ್ ಹಾಕಿ ಬರೀತಿದ್ದ, ನಾವು ಬಿಕಾಂನವರು ಸ್ಟಾಕ್ ರಿಜಿಸ್ಟರ್ ಬರೆಯೋ ಹಾಗೆ. ಕೊನೆಗೆ ಹಡಗು ಬಿಟ್ಟಿದ್ದೂ ಆರೋಗ್ಯ ಕೆಟ್ಟಿದ್ದಕ್ಕೆ, ಮನಸ್ಸಾಕ್ಷಿ ಚುಚ್ಚಿದ್ದಕ್ಕಲ್ಲ.

ದಡ್ಡನಾ? ಅಲ್ಲ. ಹಡಗಲ್ಲೇ ಸ್ವಂತವಾಗಿ ಲ್ಯಾಟಿನ್ ಕಲಿತವನು. ಆದ್ರೆ ಸುತ್ತಲಿನವರು ಅದನ್ನ ಮರ್ಯಾದಸ್ಥ ಕೆಲಸ ಅಂತಿದ್ರು, ಹೊಟ್ಟೆಪಾಡೂ ಅದರಿಂದಲೇ. ಬುದ್ಧಿ ಆ ಕಡೆಗೇ ವಕಾಲತ್ತು ಹಾಕ್ತು.

1788ರಲ್ಲಿ, ಪಾದ್ರಿಯಾಗಿದ್ದಾಗ, ತಾನು ಕಂಡ ಕ್ರೌರ್ಯವನ್ನೆಲ್ಲ ಕಿರುಪುಸ್ತಕದಲ್ಲಿ ಬರೆದು ತಪ್ಪೊಪ್ಪಿಕೊಂಡ. ಹಡಗು ಬಿಟ್ಟು 34 ವರ್ಷದ ಮೇಲೆ! 1807ರಲ್ಲಿ ಬ್ರಿಟನ್ ಆ ವ್ಯಾಪಾರ ನಿಷೇಧಿಸಿತು. ಅದೇ ವರ್ಷ ಆತ ತೀರಿಕೊಂಡ.

ನಮ್ಮ ಕಣ್ಣಲ್ಲೇ ಇರೋ ತೊಲೆ ಅಂತ ಯೇಸು ಹೇಳಿದ್ದು ಇದನ್ನೇ. ಭಕ್ತಿ ಇದ್ದ ಮಾತ್ರಕ್ಕೆ ಅದು ತಾನಾಗೇ ಬೀಳಲ್ಲ. ಕಿತ್ತು ಹಾಕ್ಬೇಕು.

ನಮ್ಮನೇಲಿ ದಿನಾ ಸಂಜೆ ಪ್ರಾರ್ಥನೆ. ಕೆಲಸಕ್ಕೆ ಬರೋ ಅಕ್ಕನಿಗೆ ಮಾತ್ರ ಲೋಟ ಬೇರೆ. ಇಪ್ಪತ್ತು ವರ್ಷ ನನಗದು ಕಂಡೇ ಇರ್ಲಿಲ್ಲ. ಮೊನ್ನೆ ಅಮ್ಮನ್ನ ಕೇಳ್ದೆ, ಸುಮ್ಮನಾದ್ರು. ಲೋಟ ಇನ್ನೂ ಅಲ್ಲೇ ಇದೆ. ಇವತ್ತು ಮತ್ತೆ ಕೇಳ್ತೀನಿ.

ನಿಮ್ಮನೇಲಿ ಹೇಗೆ? ಮುಂದಿನ ಭಾಗ ಭಾನುವಾರ.