ಮಿದುಳಿನ ಸ್ಕ್ಯಾನ್ ಮತ್ತು ಹೃದಯದ ತೊಡಕು

ಮಿದುಳಿನಲ್ಲಿ ರಕ್ತಸ್ರಾವವಾದ ರೋಗಿಯ ತಲೆಯ ಸಿ.ಟಿ. ಅಥವಾ ಎಂ.ಆರ್.ಐ. ನೋಡಿ, ಮುಂದೆ ಹೃದಯಕ್ಕೂ ತೊಂದರೆಯಾದೀತೇ ಎಂದು ಅಂದಾಜಿಸುವ ವಿಧಾನವೊಂದಿದೆ. ಈ ಬಗೆಗಿನ ಹೆಚ್ಚಿನ ಅಧ್ಯಯನಗಳು ಮಿದುಳಿನ ಪೊರೆಗಳ ನಡುವೆ ಆಗುವ ರಕ್ತಸ್ರಾವವನ್ನು ಕುರಿತವು. ಬಲೂನಿನಂತೆ ಉಬ್ಬಿದ ರಕ್ತನಾಳ ಒಡೆಯುವುದು ಇದಕ್ಕೆ ಸಾಮಾನ್ಯ ಕಾರಣ.

ನಾಳ ಒಡೆದೊಡನೆ ತಲೆಬುರುಡೆಯೊಳಗಿನ ಒತ್ತಡ ಏರಿ, ಸಿಂಪಥೆಟಿಕ್ ನರವ್ಯೂಹ ಕೆರಳುತ್ತದೆ. ನರತುದಿಗಳಿಂದ ನಾರ್‌ಅಡ್ರಿನಲಿನ್ ನೇರವಾಗಿ ಹೃದಯದ ಸ್ನಾಯುವಿಗೆ ಬೀಳುತ್ತದೆ. ಆಗ ಹೃದಯದ ನಾಳಗಳಲ್ಲಿ ಅಡಚಣೆ ಇಲ್ಲದಿದ್ದರೂ ಸ್ನಾಯು ಸೋಲುತ್ತದೆ, ಲಯ ತಪ್ಪುತ್ತದೆ, ಹೃದಯಸ್ನಾಯುವಿನ ಹಾನಿಯನ್ನು ಸೂಚಿಸುವ ಟ್ರೊಪೊನಿನ್ ರಕ್ತದಲ್ಲಿ ಏರುತ್ತದೆ; ಶ್ವಾಸಕೋಶದಲ್ಲಿ ನೀರು ತುಂಬುವುದೂ ಉಂಟು. ಬದುಕುಳಿದವರಲ್ಲಿ ಈ ದೌರ್ಬಲ್ಯ ಬಹುಪಾಲು ದಿನಗಳಲ್ಲಿ, ಇಲ್ಲವೇ ವಾರಗಳಲ್ಲಿ ನೀಗುತ್ತದೆ. ಮಿದುಳಿನಲ್ಲಿ ರಕ್ತಸ್ರಾವವಾದವರ ಇಸಿಜಿ ವಿಚಿತ್ರವಾಗಿ ಬದಲಾಗುವುದನ್ನು 1954ರಲ್ಲೇ ಜಾರ್ಜ್ ಬರ್ಚ್ ಮತ್ತು ಸಂಗಡಿಗರು ವರದಿ ಮಾಡಿದ್ದರು.

ಸ್ಕ್ಯಾನ್‌ನಲ್ಲಿ ನೋಡುವುದು ಮುಖ್ಯವಾಗಿ ಎರಡು: ಎಷ್ಟು ರಕ್ತ ಹರಡಿದೆ, ಎಲ್ಲಿ ಪೆಟ್ಟಾಗಿದೆ. ಹರಡಿದ ರಕ್ತವನ್ನು ಅಳೆಯುವ 1980ರ ಫಿಶರ್ ಶ್ರೇಣಿಯನ್ನು ರೂಪಿಸಿದ್ದು ಮಿದುಳಿನ ನಾಳಗಳ ಸೆಳೆತವನ್ನು ಮುನ್ಸೂಚಿಸಲು. ಹೃದಯದ ಅಧ್ಯಯನಗಳು ಅದನ್ನು ಎರವಲು ಪಡೆದಿವೆ. ಹೃದಯದ ಗತಿಯನ್ನು ನಿಯಂತ್ರಿಸುವಲ್ಲಿ ಪಾಲಿರುವ ಇನ್ಸುಲಾ ಭಾಗದ ಹಾನಿಗೆ ಸಂಶೋಧಕರು ವಿಶೇಷ ಗಮನ ಕೊಡುತ್ತಾರೆ. ಆದರೂ ಚಿತ್ರವೊಂದನ್ನೇ ನಂಬಿ ಭವಿಷ್ಯ ಹೇಳುವಂತಿಲ್ಲ. ರೋಗಿಯ ಪ್ರಜ್ಞೆಯ ಮಟ್ಟ, ಟ್ರೊಪೊನಿನ್, ಹೃದಯದ ಎಕೋ ಪರೀಕ್ಷೆ ಇವನ್ನೂ ಜೊತೆಗಿಟ್ಟು ನೋಡಬೇಕು.

ಬೆಂಗಳೂರಿನ ಸಮೀಪದ ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಂಥ ಕಡೆ ಪ್ರಶ್ನೆ ಬೇರೊಂದು ರೂಪ ತಾಳುತ್ತದೆ: ಕೆಟ್ಟಿರುವುದು ಹೃದಯವೋ ಮಿದುಳೋ? ಇಂಥ ಊರುಗಳಲ್ಲಿ ಕುಸಿದುಬಿದ್ದವರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಇಸಿಜಿ, ಸಿ.ಟಿ. ಅಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಸಿಗುವಂತೆ ಮಾಡಿದೆ. ಹೃದಯಾಘಾತಕ್ಕೆ ಅದು ಜೀವ ಉಳಿಸುವ ಔಷಧ. ಮಿದುಳಿನಲ್ಲಿ ರಕ್ತ ಸೋರುತ್ತಿರುವಾಗ ಕೊಟ್ಟರೆ ಪ್ರಾಣಕ್ಕೇ ಎರವು. ರಕ್ತಸ್ರಾವದ ಇಸಿಜಿಯೋ ಕೆಲವೊಮ್ಮೆ ಹೃದಯಾಘಾತವನ್ನೇ ಹೋಲುತ್ತದೆ.

ಆಂಬುಲೆನ್ಸ್ ಬೆಂಗಳೂರು ಸೇರಿದ ಮೇಲೂ ಹೊಸೂರು ರಸ್ತೆಯ ನರರೋಗ ಆಸ್ಪತ್ರೆ ನಿಮ್ಹಾನ್ಸ್‌ಗೋ ಬನ್ನೇರುಘಟ್ಟ ರಸ್ತೆಯ ಹೃದ್ರೋಗ ಆಸ್ಪತ್ರೆ ಜಯದೇವಕ್ಕೋ ಎಂಬುದು ಇಸಿಜಿಯ ಈ ಓದಿನ ಮೇಲೇ ನಿಂತಿದೆ. ಎದೆನೋವಿಗಿಂತ ಮೊದಲು ಸಿಡಿಲು ಬಡಿದಂಥ ತಲೆನೋವು, ವಾಂತಿ, ಕುತ್ತಿಗೆ ಸೆಟೆದುಕೊಳ್ಳುವುದು, ಪ್ರಜ್ಞೆ ತಪ್ಪುವುದು ಕಂಡಿದ್ದರೆ ಹೆಪ್ಪು ಕರಗಿಸುವ ಮದ್ದಿಗೆ ಮುನ್ನ ತಲೆಯ ಸಿ.ಟಿ. ಆಗಲೇಬೇಕು.