ಲಿಪಿಕಾರರ ಹೆಸರು: ಗಣಕ ಅನುಕರಣದ ಇತಿಹಾಸದಲ್ಲೊಂದು ಪಾಠವಿಚಾರ

1

ಓಲೆಗರಿಯ ಪ್ರತಿಯೊಂದು ಕೈಗೆ ಬಂದಾಗ ಸಂಶೋಧಕನು ಮೊದಲು ಅದರ ಕೊನೆಯ ಗರಿಯನ್ನು ನೋಡುತ್ತಾನೆ. ಸಂವತ್ಸರ, ಮಾಸ, ತಿಥಿಗಳೊಡನೆ ಪ್ರತಿಮಾಡಿದವನ ಹೆಸರೂ, ತಪ್ಪಿದ್ದಲ್ಲಿ ಬಲ್ಲವರು ತಿದ್ದಿ ಓದಬೇಕೆಂಬ ಬಿನ್ನಹವೂ ಅಲ್ಲಿ ದೊರೆಯುವುದುಂಟು. ನಮ್ಮ ಶಾಸನಗಳಲ್ಲಿಯೂ ಪದ್ಯವನ್ನು ರಚಿಸಿದವನು, ಅದನ್ನು ಬರೆದವನು, ಕಲ್ಲಿನಲ್ಲಿ ಕಂಡರಿಸಿದವನು ಎಂದು ಮೂವರನ್ನು ಬೇರೆಬೇರೆಯಾಗಿ ಹೆಸರಿಸಿದ ನಿದರ್ಶನಗಳಿವೆ. ಕೃತಿಯೊಂದು ಲೋಕಕ್ಕೆ ಬರಬೇಕಾದರೆ ಹಲವು ಕೈಗಳು ದುಡಿಯಬೇಕೆಂಬ ಅರಿವು ಈ ಪದ್ಧತಿಯ ಹಿಂದಿದೆ. ಇದೇ ಅರಿವನ್ನು ಹಿಡಿದು, ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಹುಟ್ಟಿದ ಬೇರೊಂದು ಬಗೆಯ ಬರವಣಿಗೆಯ ಇತಿಹಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಬರವಣಿಗೆಯೇ ಗಣಕ ಅನುಕರಣದ ತಂತ್ರಾಂಶ. ವಾತಾವರಣ, ಪರಮಾಣುವಿನ ಸರಪಳಿ ಕ್ರಿಯೆ, ಬಂದರಿನಲ್ಲಿ ಸರದಿ ಕಾಯುವ ಹಡಗುಗಳು, ಸಾಂಕ್ರಾಮಿಕ ರೋಗದ ಹರಡುವಿಕೆ, ಇಂಥ ಸಂಕೀರ್ಣ ವ್ಯವಸ್ಥೆಗಳ ನಡೆಯನ್ನು ನಿಯಮಗಳ ರೂಪದಲ್ಲಿ ಬರೆದು, ಗಣಕಯಂತ್ರದಲ್ಲಿ ನಡೆಸಿ, ಮುಂದೇನಾಗಬಹುದೆಂದು ನೋಡುವ ಸಾಧನವಿದು. ಇದರ ಇತಿಹಾಸವನ್ನು ಸಾಮಾನ್ಯವಾಗಿ ಭೌತವಿಜ್ಞಾನಿಗಳ ಮತ್ತು ಗಣಿತಜ್ಞರ ಇತಿಹಾಸವೆಂದೇ ಹೇಳಲಾಗುತ್ತದೆ. ಕ್ರಮವಿಧಿಯನ್ನು ಬರೆದವರಾರೆಂಬ ಪ್ರಶ್ನೆಯನ್ನೆತ್ತಿದೊಡನೆ ಈ ಚಿತ್ರ ಬದಲಾಗುತ್ತದೆ.

2

1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಅವರಿಗೆ ಹೊಳೆದ ವಿಚಾರವೊಂದು ಮುಂದಿನ ವರ್ಷ ಜಾನ್ ವಾನ್ ನ್ಯೂಮನ್ನರ ಕೈಯಲ್ಲಿ ಲೆಕ್ಕದ ಯೋಜನೆಯಾಗಿ ಬೆಳೆಯಿತು. ನ್ಯೂಟ್ರಾನುಗಳ ಪಯಣವನ್ನು ಸಮೀಕರಣದಿಂದ ಬಿಡಿಸುವ ಬದಲು, ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಒಂದೊಂದು ನ್ಯೂಟ್ರಾನಿನ ಬಾಳನ್ನೂ ಅನುಕರಿಸಿ ನೋಡುವ ಈ ವಿಧಾನಕ್ಕೆ ಮಾಂಟೆ ಕಾರ್ಲೊ ಎಂಬ ಹೆಸರು ಬಂದಿತು. 1948ರಲ್ಲಿ ಅಮೆರಿಕದ ಎನಿಯಾಕ್ ಯಂತ್ರದಲ್ಲಿ ಇದನ್ನು ಮೊದಲಬಾರಿಗೆ ನಡೆಸಲಾಯಿತು. ವಾನ್ ನ್ಯೂಮನ್ನರು ರೂಪಿಸಿದ ಯೋಜನೆಯನ್ನು ಯಂತ್ರಕ್ಕೆ ತಿಳಿಯುವ ಆದೇಶಗಳಾಗಿ ಬರೆಯುವ ಕೆಲಸದಲ್ಲಿ ಮುಖ್ಯ ಪಾಲು ಅವರ ಪತ್ನಿ ಕ್ಲಾರಾ ವಾನ್ ನ್ಯೂಮನ್ ಅವರದು. ಅವರ ಕೈಬರಹದ ಹಾಳೆಗಳು ಉಳಿದುಬಂದಿದ್ದರಿಂದಲೇ ಥಾಮಸ್ ಹೇಗ್, ಮಾರ್ಕ್ ಪ್ರೀಸ್ಟ್ಲಿ ಮತ್ತು ಕ್ರಿಸ್ಪಿನ್ ರೋಪ್ ಎಂಬ ಇತಿಹಾಸಕಾರರು ಆ ಕ್ರಮವಿಧಿಯನ್ನು ಸಾಲುಸಾಲಾಗಿ ಓದಿ, 2016ರ ತಮ್ಮ ಗ್ರಂಥದಲ್ಲಿ ಅದರ ಬೆಳವಣಿಗೆಯನ್ನು ನಿರೂಪಿಸಲು ಸಾಧ್ಯವಾಯಿತು. ಹಸ್ತಪ್ರತಿಯೊಂದು ಉಳಿದರೆ ಇತಿಹಾಸವೂ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

1950ರಲ್ಲಿ ಅದೇ ಯಂತ್ರದಲ್ಲಿ ಚಾರ್ನಿ, ಫ್ಯೋರ್ಟಾಫ್ಟ್ ಮತ್ತು ವಾನ್ ನ್ಯೂಮನ್ ಮೊದಲ ಗಣಕೀಯ ಹವಾಮಾನ ಮುನ್ಸೂಚನೆಯನ್ನು ಸಿದ್ಧಪಡಿಸಿದರು. 24 ಗಂಟೆಗಳ ಮುನ್ಸೂಚನೆಗೆ ಸುಮಾರು 24 ಗಂಟೆಗಳೇ ಹಿಡಿದವು. ಆ ಪ್ರಬಂಧದ ಕೃತಜ್ಞತಾವಾಕ್ಯದಲ್ಲಿ ಕ್ಲಾರಾ ಅವರ ಹೆಸರಿದೆ. ಎನಿಯಾಕ್‌ಗಾಗಿ ಬರೆಯುವ ಬಗೆಯನ್ನು ಕಲಿಸಿದವರು, ಕಡೆಯ ಪಾಠವನ್ನು ಪರಿಶೀಲಿಸಿದವರು ಅವರು ಎಂದು ಲೇಖಕರು ಒಪ್ಪಿಕೊಂಡಿದ್ದಾರೆ.

3

ನಮ್ಮ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದ ದಾಖಲೆ 1955ರ ಲಾಸ್ ಅಲಮಾಸ್ ವರದಿ. 64ರವರೆಗಿನ ಬಿಂದುಗಳನ್ನು ಸರಳವಲ್ಲದ ಬಲಗಳಿಂದ ಜೋಡಿಸಿದ ಸರಪಳಿಯೊಂದನ್ನು ಕಲ್ಪಿಸಿಕೊಂಡು, ಅದರಲ್ಲಿ ಶಕ್ತಿಯು ಹೇಗೆ ಹಂಚಿಹೋಗುತ್ತದೆಂದು ಮೇನಿಯಾಕ್ ಯಂತ್ರದಲ್ಲಿ ನೋಡಿದ ಪ್ರಯೋಗವದು. ಶಕ್ತಿಯು ಎಲ್ಲೆಡೆ ಸಮನಾಗಿ ಹರಡಬೇಕೆಂಬ ನಿರೀಕ್ಷೆ ಸುಳ್ಳಾಯಿತು. ಅದು ಬಹುಮಟ್ಟಿಗೆ ಮೊದಲಿನ ಸ್ಥಿತಿಗೇ ಮರಳಿತು. ಅರೈಖಿಕ ವಿಜ್ಞಾನದ ಬೆಳವಣಿಗೆಯಲ್ಲಿ ಈ ಫಲಿತಾಂಶಕ್ಕೆ ಮೂಲಸ್ಥಾನವಿದೆ. ವರದಿಯ ಮುಖಪುಟದಲ್ಲಿ ಎರಡು ಪಟ್ಟಿಗಳಿವೆ. ವರದಿಯನ್ನು ಬರೆದವರು ಫರ್ಮಿ, ಪಾಸ್ಟಾ, ಉಲಾಮ್ ಎಂದು ಒಂದು. ಕೆಲಸವನ್ನು ಮಾಡಿದವರು ಫರ್ಮಿ, ಪಾಸ್ಟಾ, ಉಲಾಮ್, ಸಿಂಗೌ ಎಂದು ಮತ್ತೊಂದು. ನಾಲ್ಕನೆಯವರು ಕ್ರಮವಿಧಿಯನ್ನು ಬರೆದು ಯಂತ್ರದಲ್ಲಿ ನಡೆಸಿದ ಮೇರಿ ಸಿಂಗೌ.

ಶಾಸನವನ್ನು ಓದಿ ಪಳಗಿದವರಿಗೆ ಈ ಮುಖಪುಟ ಅಪರಿಚಿತವೆನಿಸುವುದಿಲ್ಲ. ಆದರೆ ಮುಂದಿನ ಅರ್ಧ ಶತಮಾನದಲ್ಲಿ ಆ ಸಮಸ್ಯೆ ಮೂವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಫ್ರೆಂಚ್ ಭೌತವಿಜ್ಞಾನಿ ತಿಯೆರಿ ಡೊಶ್ವಾ 2008ರಲ್ಲಿ ಈ ಲೋಪವನ್ನು ಎತ್ತಿ ತೋರಿಸಿದ ಮೇಲೆ ನಾಲ್ಕನೆಯ ಹೆಸರನ್ನು ಸೇರಿಸುವ ವಾಡಿಕೆ ಬೆಳೆಯುತ್ತ ಬಂದಿದೆ. ಮೂಲಪ್ರತಿ ಹೆಸರನ್ನು ಮರೆಮಾಡಿರಲಿಲ್ಲ. ಅದನ್ನು ಕೈಬಿಟ್ಟುದು ಉಲ್ಲೇಖಗಳ ಪರಂಪರೆ. ಪ್ರತಿಯಿಂದ ಪ್ರತಿಗೆ ಸಾಗುವಾಗ ಕೊನೆಯ ಗರಿ ಕಳೆದುಹೋಗುವ ಸಂಗತಿ ನಮ್ಮಲ್ಲಿಯೂ ಹೊಸದಲ್ಲ.

4

ಇದು ಕೇವಲ ಗೌರವದ ಪ್ರಶ್ನೆಯೇ ಎಂದು ಕೇಳಬಹುದು. ಅಲ್ಲವೆಂಬುದನ್ನು ಎಡ್ವರ್ಡ್ ಲಾರೆಂಜ್ ಅವರ ಪ್ರಸಂಗ ತೋರಿಸುತ್ತದೆ. 1961ರಲ್ಲಿ ಅವರು ತಮ್ಮ ವಾತಾವರಣದ ಮಾದರಿಯನ್ನು ನಡುವಿನಿಂದ ಮತ್ತೊಮ್ಮೆ ನಡೆಸಲೆಂದು, ಹಿಂದೆ ಮುದ್ರಿತವಾಗಿದ್ದ ಸಂಖ್ಯೆಗಳನ್ನೇ ಯಂತ್ರಕ್ಕೆ ಕೊಟ್ಟರು. ಯಂತ್ರದೊಳಗಿದ್ದುದು 0.506127, ಕಾಗದದ ಮೇಲಿದ್ದುದು 0.506. ಈ ಅತ್ಯಲ್ಪ ವ್ಯತ್ಯಾಸದಿಂದ ಮುಂದಿನ ಹವೆಯೆಲ್ಲ ಬೇರೆಯಾಯಿತು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದು ಪಾಠಾಂತರ ಇಡೀ ಕಾವ್ಯದ ಕಥೆಯನ್ನೇ ಬದಲಿಸಿತು. ಕವಿಯ ಆಶಯವನ್ನು ಬಲ್ಲೆವೆಂದು ಪಾಠವನ್ನು ಅಲಕ್ಷಿಸುವಂತಿಲ್ಲ. ಸಮೀಕರಣವನ್ನು ಬಲ್ಲೆವೆಂದು ಕ್ರಮವಿಧಿಯನ್ನು ಅಲಕ್ಷಿಸುವಂತೆಯೂ ಇಲ್ಲ. ಲಾರೆಂಜ್ ಅವರ ಯಂತ್ರಕ್ಕೆ ಮೊದಲು ಕ್ರಮವಿಧಿಗಳನ್ನು ಬರೆದವರು ಮಾರ್ಗರೆಟ್ ಹ್ಯಾಮಿಲ್ಟನ್. ಅವರ ಸ್ಥಾನಕ್ಕೆ ಬಂದು 1963ರ ಪ್ರಸಿದ್ಧ ಪ್ರಬಂಧದ ಲೆಕ್ಕಗಳನ್ನು ನಡೆಸಿ ಚಿತ್ರಗಳನ್ನು ಸಿದ್ಧಪಡಿಸಿದವರು ಎಲೆನ್ ಫೆಟರ್. ಹ್ಯಾಮಿಲ್ಟನ್ ಮುಂದೆ ಅಪೊಲೊ ನೌಕೆಯ ತಂತ್ರಾಂಶದಿಂದ ಹೆಸರಾದರು. ಫೆಟರ್ ಅವರ ಹೆಸರು ಪ್ರಬಂಧದ ಕೃತಜ್ಞತಾವಾಕ್ಯದಲ್ಲಿಯೇ ನಿಂತಿತು.

ಇದಕ್ಕೆ ಪ್ರತಿಯಾಗಿ ನಾರ್ವೆಯ ನಿದರ್ಶನವನ್ನು ಇಟ್ಟು ನೋಡಬೇಕು. ಆಸ್ಲೊ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಕ್ರಿಸ್ಟೆನ್ ನ್ಯೂಗೋರ್ ಮತ್ತು ಓಲೆ-ಯೋಹಾನ್ ಡಾಲ್ ಅನುಕರಣಕ್ಕಾಗಿಯೇ ಸಿಮುಲಾ ಎಂಬ ಭಾಷೆಯನ್ನು ರಚಿಸಿದರು. 1965ರಲ್ಲಿ ಅದು ಬಳಕೆಗೆ ಬಂದಿತು. 1967ರ ರೂಪದಲ್ಲಿ ವರ್ಗ ಮತ್ತು ವಸ್ತು ಎಂಬ ಕಲ್ಪನೆಗಳು ನೆಲೆಗೊಂಡವು. ಹಡಗು, ಗಿರಾಕಿ, ಯಂತ್ರ ಇವೆಲ್ಲ ನಾಟಕದ ಪಾತ್ರಗಳಂತೆ ತಮ್ಮ ಸ್ವಭಾವವನ್ನು ತಾವೇ ಹೊತ್ತು ರಂಗಕ್ಕೆ ಬರುವ ಈ ಕ್ರಮ ಇಂದಿನ ಬಹುಪಾಲು ತಂತ್ರಾಂಶಕ್ಕೆ ತಳಹದಿಯಾಗಿದೆ. ಇವರಿಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಒಂದು ಲೆಕ್ಕಕ್ಕಾಗಿ ಬರೆದವರು ಲಿಪಿಕಾರರೆನಿಸಿದರು, ಎಲ್ಲ ಲೆಕ್ಕಗಳಿಗೂ ಭಾಷೆಯನ್ನು ಕೊಟ್ಟವರು ಕರ್ತೃಗಳೆನಿಸಿದರು. ಈ ಭೇದ ಸ್ವಲ್ಪಮಟ್ಟಿಗೆ ನ್ಯಾಯವೇ. ಆದರೂ ಎರಡರ ನಡುವಣ ಗೆರೆ ನಾವು ಭಾವಿಸುವಷ್ಟು ಗಾಢವಾಗಿಲ್ಲ. ಯೋಜನೆಯಲ್ಲಿ ಹೇಳದೆ ಉಳಿದ ನೂರಾರು ಸಣ್ಣ ನಿರ್ಣಯಗಳನ್ನು ಬರೆಯುವವರೇ ಕೈಗೊಳ್ಳಬೇಕಾಗುತ್ತದೆ.

5

ಈ ನಿರ್ಣಯಗಳು ಕಾಣದೆ ಹೋದರೆ ಏನಾಗುತ್ತದೆಂಬುದನ್ನು 2020ರಲ್ಲಿ ಜಗತ್ತು ಕಂಡಿತು. ಆ ವರ್ಷದ ಮಾರ್ಚ್ 16ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಕೋವಿಡ್ ಹರಡುವಿಕೆಯನ್ನು ಕುರಿತು ಪ್ರಕಟಿಸಿದ ವರದಿಗೆ ಆಧಾರವಾದ ಕ್ರಮವಿಧಿಯ ಮೂಲಪಾಠ, ಇನ್‌ಫ್ಲುಯೆಂಜಾ ರೋಗಕ್ಕಾಗಿ ಹತ್ತು ವರ್ಷಗಳಿಗೂ ಹಿಂದೆ ಬರೆದುದಾಗಿತ್ತು. ಸಾವಿರಾರು ಸಾಲುಗಳ ಆ ಪಾಠಕ್ಕೆ ಸರಿಯಾದ ಟಿಪ್ಪಣಿಗಳಿರಲಿಲ್ಲ. ಜನಜೀವನವನ್ನೇ ನಿಲ್ಲಿಸುವ ನಿರ್ಧಾರಗಳಿಗೆ ಸಂಬಂಧಿಸಿದ ಬರವಣಿಗೆಯನ್ನು ಹೊರಗಿನವರು ಓದುವಂತಿಲ್ಲವೆಂಬ ಆಕ್ಷೇಪಣೆ ಎದ್ದಿತು. ಪರಿಷ್ಕೃತ ಪಾಠವನ್ನು ಬಹಿರಂಗಪಡಿಸಿದ ಮೇಲೆ, ಕೇಂಬ್ರಿಜ್‌ನ ಸ್ಟೀಫನ್ ಎಗ್ಲೆನ್ ಅದನ್ನು ನಡೆಸಿ ನೋಡಿ, ಮುಖ್ಯ ಫಲಿತಾಂಶಗಳು ಮರಳಿ ದೊರೆಯುತ್ತವೆಂದು ಅದೇ ಜೂನ್‌ನಲ್ಲಿ ತಿಳಿಸಿದರು. ಮರಳಿ ದೊರೆತ ಮಾತ್ರಕ್ಕೆ ಮಾದರಿ ಸತ್ಯವಾಗುವುದಿಲ್ಲ. ಆದರೆ ಚರ್ಚೆ ಊಹಾಪೋಹವನ್ನು ಬಿಟ್ಟು ಪಾಠದ ಮೇಲೆ ನಿಲ್ಲಲು ಅವಕಾಶವಾಯಿತು.

ಪರಿಸರವಿಜ್ಞಾನದಲ್ಲಿ ಫೋಲ್ಕರ್ ಗ್ರಿಮ್ ಮತ್ತು ಸಂಗಡಿಗರು 2006ರಲ್ಲಿಯೇ ಇಂಥ ಮಾದರಿಗಳನ್ನು ವಿವರಿಸಲು ಒಂದು ನಿಶ್ಚಿತ ಕ್ರಮವನ್ನು ಸೂಚಿಸಿದ್ದರು. ಮಾದರಿಯ ಉದ್ದೇಶವೇನು, ಅದರೊಳಗೆ ಯಾರಿದ್ದಾರೆ, ಯಾವುದರ ನಂತರ ಯಾವುದು ನಡೆಯುತ್ತದೆ ಎಂಬುದನ್ನು ಎಲ್ಲರೂ ಒಂದೇ ಅನುಕ್ರಮದಲ್ಲಿ ಬರೆಯಬೇಕೆಂಬುದು ಅದರ ಸಾರ. ಇದನ್ನು ನಾವು ಹೊಸ ಕಾಲದ ಪೀಠಿಕೆಯೆಂದು ಕರೆಯಬಹುದು.

6

ಭಾರತದಲ್ಲಿ ಈ ಕಥೆಗೆ ನಮ್ಮದೇ ಅಧ್ಯಾಯಗಳಿವೆ. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ 1986ರಲ್ಲಿ ಸಿದ್ಧವಾದ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವು ದ್ರವಗಳ ಚಲನೆಯನ್ನು ಅನುಕರಿಸಲೆಂದೇ ಹುಟ್ಟಿದುದು. ಮುಂದೆ ಅದರ ಹೊಸ ರೂಪಗಳು ಹವಾಮಾನದ ಮಾದರಿಗಳಿಗೂ ಒದಗಿದವು. ಪುಣೆಯ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಪರಮ್ 8000 ಯಂತ್ರವನ್ನು ಹೊರತಂದಿತು. ಯಂತ್ರಗಳ ಹೆಸರುಗಳು ದಾಖಲೆಯಲ್ಲಿ ಸುಲಭವಾಗಿ ಉಳಿಯುತ್ತವೆ. ಅವುಗಳಲ್ಲಿ ನಡೆದ ಕ್ರಮವಿಧಿಗಳನ್ನು, ಬರೆದವರ ಹೆಸರು, ತಾರೀಖು, ತಿದ್ದುಪಡಿಗಳ ಸಮೇತ ಸಂಗ್ರಹಿಸುವುದು ಬೇರೆಯೇ ಕೆಲಸ. ಆ ಕಾಲದಲ್ಲಿ ದುಡಿದವರಲ್ಲಿ ಅನೇಕರು ಈಗ ನಿವೃತ್ತರು. ಅವರ ಕಪಾಟುಗಳಲ್ಲಿರುವ ಮುದ್ರಿತ ಹಾಳೆಗಳು ಓಲೆಗರಿಯಷ್ಟು ಕಾಲ ಬಾಳುವಂಥವಲ್ಲ.

ಪುಣೆ, ಹೈದರಾಬಾದ್, ದೆಹಲಿಗಳಲ್ಲಿರುವ ನಮ್ಮ ಓದುಗರು ಈ ಸಂಸ್ಥೆಗಳಿಗೆ ಹತ್ತಿರದಲ್ಲಿದ್ದಾರೆ. ಪಾಠ, ಪಾಠಾಂತರ, ಲಿಪಿಕಾರ, ಪ್ರತಿಯ ಕಾಲ ಎಂಬ ಪರಿಕಲ್ಪನೆಗಳಲ್ಲಿ ಕನ್ನಡ ವಿದ್ವತ್ತು ಒಂದು ಶತಮಾನಕ್ಕೂ ಮಿಕ್ಕಿ ಪಳಗಿದೆ. ಆ ಪಳಗಿಕೆಯನ್ನು ಈ ಹೊಸ ಹಸ್ತಪ್ರತಿಗಳ ಕಡೆಗೆ ತಿರುಗಿಸುವುದು ನಮ್ಮಿಂದ ಆಗಬಹುದಾದ ಕೆಲಸ. ಮೊದಲು ಆಗಬೇಕಾದುದು ಪ್ರತಿಗಳ ಪಟ್ಟಿ, ಸಂಪಾದನೆ ಆಮೇಲಿನದು.