ಗರ್ಭಪಾತ ಕಾನೂನು: ಸಂಸತ್ತಿನ ಚರ್ಚೆಯಿಂದ ಕಾಕನಕೋಟೆ ಸೀಮೆಯವರೆಗೆ

ಭಾರತದಲ್ಲಿ ಗರ್ಭಪಾತಕ್ಕೆ ಸಂಬಂಧಿಸಿದ ಮುಖ್ಯ ಕಾಯ್ದೆಗಳು ಎರಡು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯು ಯಾವ ಕಾರಣಕ್ಕೆ, ಎಷ್ಟು ವಾರಗಳೊಳಗೆ, ಎಲ್ಲಿ ಮತ್ತು ಯಾವ ವೈದ್ಯರಿಂದ ಗರ್ಭಪಾತ ಮಾಡಿಸಿಕೊಳ್ಳಬಹುದೆಂದು ಹೇಳುತ್ತದೆ. 1994ರ ಕಾಯ್ದೆಯು ಭ್ರೂಣದ ಲಿಂಗ ಪತ್ತೆಯನ್ನು ಅಪರಾಧವೆಂದು ಸಾರುತ್ತದೆ. ಮೊದಲನೆಯದು ತಾಯಂದಿರ ಸಾವು ತಪ್ಪಿಸಲು ಬಂದದ್ದು, ಎರಡನೆಯದು ಹೆಣ್ಣುಮಕ್ಕಳು ಹುಟ್ಟುವ ಮೊದಲೇ ಇಲ್ಲವಾಗುವುದನ್ನು ತಡೆಯಲು ಬಂದದ್ದು. ಶಾಸನಸಭೆಗಳಲ್ಲಿ ಗರ್ಭಪಾತವನ್ನು ಬಿಗಿಗೊಳಿಸಬೇಕೆಂಬ ಮಾತು ಬಂದಾಗಲೆಲ್ಲ ಈ ಎರಡು ಉದ್ದೇಶಗಳು ಒಂದಕ್ಕೊಂದು ತಾಗುತ್ತವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಕಾಕನಕೋಟೆ ಸೀಮೆಗೆ ಈ ಎರಡೂ ಪ್ರಶ್ನೆಗಳು ಹತ್ತಿರದವು.

1971ರ ಕಾಯ್ದೆಯ ಹಿನ್ನೆಲೆ

1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಮಿನ ಪ್ರಕಾರ ತಾಯಿಯ ಜೀವ ಉಳಿಸುವ ಉದ್ದೇಶ ಬಿಟ್ಟು ಬೇರೆ ಯಾವ ಕಾರಣಕ್ಕೆ ಗರ್ಭಪಾತ ಮಾಡಿದರೂ ಅಪರಾಧವಾಗಿತ್ತು. ಮಾಡಿಸಿಕೊಂಡ ಹೆಂಗಸೂ ಅಪರಾಧಿಯೇ. ಹೀಗಾಗಿ ಜನರು ಗುಟ್ಟಾಗಿ ಸೂಲಗಿತ್ತಿಯರ, ನಾಟಿ ಮದ್ದಿನವರ ಮೊರೆ ಹೋಗುತ್ತಿದ್ದರು. ಎಷ್ಟೋ ಮಂದಿ ರಕ್ತಸ್ರಾವದಿಂದ, ನಂಜೇರಿ ಸಾಯುತ್ತಿದ್ದರು. 1964ರಲ್ಲಿ ಕೇಂದ್ರ ಸರ್ಕಾರ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1966ರಲ್ಲಿ ಬಂದ ಸಮಿತಿಯ ವರದಿಯು ಕಾನೂನನ್ನು ಸಡಿಲಿಸಲು ಶಿಫಾರಸು ಮಾಡಿತು. ಅದರ ಆಧಾರದ ಮೇಲೆ ರೂಪುಗೊಂಡ ಕಾಯ್ದೆ 1971ರಲ್ಲಿ ಅಂಗೀಕಾರವಾಗಿ 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಈ ಕಾಯ್ದೆ ದಂಡ ಸಂಹಿತೆಯ ಕಲಮನ್ನು ತೆಗೆದುಹಾಕಲಿಲ್ಲ, ಅದಕ್ಕೆ ವಿನಾಯಿತಿ ಕೊಟ್ಟಿತು ಅಷ್ಟೆ. 12 ವಾರದವರೆಗೆ ಒಬ್ಬ ವೈದ್ಯರ, 12ರಿಂದ 20 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕಿತ್ತು. ತಾಯಿಯ ಜೀವಕ್ಕೆ ಅಪಾಯ, ಆಕೆಯ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿ, ಭ್ರೂಣದಲ್ಲಿ ಗಂಭೀರ ನ್ಯೂನತೆ ಇವು ಒಪ್ಪಿತ ಕಾರಣಗಳು. ಅತ್ಯಾಚಾರದಿಂದ ಅಥವಾ ಗರ್ಭನಿರೋಧಕ ವಿಫಲವಾಗಿ ಆದ ಗರ್ಭವನ್ನು ಮಾನಸಿಕ ಹಾನಿಯೆಂದೇ ಎಣಿಸಲಾಯಿತು. ತಾಯಿಯ ಜೀವ ಉಳಿಸಲು ತಕ್ಷಣ ಗರ್ಭಪಾತ ಬೇಕಾದರೆ ವಾರಗಳ ಮಿತಿ ಇಲ್ಲ. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲೂ ಹಳೆಯ ಅಪರಾಧ ಹಾಗೆಯೇ ಮುಂದುವರಿದಿದೆ.

2021ರ ತಿದ್ದುಪಡಿ ಮತ್ತು ಚರ್ಚೆ

ಸ್ಕ್ಯಾನಿಂಗ್ ತಂತ್ರಜ್ಞಾನ ಬೆಳೆದಂತೆ 20 ವಾರದ ಮಿತಿ ಸಾಲದೆಂಬ ದೂರು ಹೆಚ್ಚಿತು. ಭ್ರೂಣದ ಹೃದಯ ಮತ್ತು ಮೆದುಳಿನ ಕೆಲವು ನ್ಯೂನತೆಗಳು 18-20 ವಾರದ ಸ್ಕ್ಯಾನಿಂಗಿನಲ್ಲಷ್ಟೇ ತಿಳಿಯುತ್ತವೆ. ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತಿತ್ತು. ಅಂಥ ದಂಪತಿಗಳು, ಅತ್ಯಾಚಾರಕ್ಕೊಳಗಾದ ಬಾಲಕಿಯರ ಪೋಷಕರು ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಅಲೆಯಬೇಕಾಗಿತ್ತು.

2014ರಲ್ಲಿ ಪ್ರಕಟವಾದ ಕರಡು ತಿದ್ದುಪಡಿಯಲ್ಲಿ ತರಬೇತಿ ಪಡೆದ ಆಯುಷ್ ವೈದ್ಯರಿಗೆ ಮತ್ತು ದಾದಿಯರಿಗೂ ಗರ್ಭಪಾತ ಮಾಡಿಸಲು ಅವಕಾಶ ಕೊಡುವ ಪ್ರಸ್ತಾಪವಿತ್ತು. ಅಲೋಪತಿ ವೈದ್ಯರ ಸಂಘಟನೆಗಳು ಇದನ್ನು ವಿರೋಧಿಸಿದವು. ಮುಂದೆ ಸಂಸತ್ತಿಗೆ ಬಂದ ಮಸೂದೆಯಲ್ಲಿ ಅದು ಇರಲಿಲ್ಲ. ಮಸೂದೆಯನ್ನು 2020ರ ಮಾರ್ಚ್ 17ರಂದು ಲೋಕಸಭೆ, 2021ರ ಮಾರ್ಚ್ 16ರಂದು ರಾಜ್ಯಸಭೆ ಅಂಗೀಕರಿಸಿದವು. ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂಬ ವಿರೋಧ ಪಕ್ಷಗಳ ಬೇಡಿಕೆಗೆ ರಾಜ್ಯಸಭೆಯಲ್ಲಿ ಸೋಲಾಯಿತು. ಕಾಯ್ದೆ 2021ರ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿದೆ.

ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕು, ಅದೂ ನಿಯಮದಲ್ಲಿ ಹೆಸರಿಸಿದವರಿಗೆ ಮಾತ್ರ: ಅತ್ಯಾಚಾರ ಸಂತ್ರಸ್ತೆಯರು, ಅಪ್ರಾಪ್ತೆಯರು, ಗರ್ಭಿಣಿಯಾಗಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನವಾದವರು, ಅಂಗವಿಕಲರು ಮುಂತಾದವರು. 24 ವಾರ ದಾಟಿದ ಮೇಲೆ, ಭ್ರೂಣದಲ್ಲಿ ಗಂಭೀರ ನ್ಯೂನತೆ ಇದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ಮಂಡಳಿಯಲ್ಲಿ ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಇರಬೇಕು. ಗರ್ಭಿಣಿಯ ಹೆಸರನ್ನು ಬಹಿರಂಗಪಡಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು.

ಸಂಸತ್ತಿನಲ್ಲಿ ಹೆಚ್ಚು ಪ್ರಶ್ನೆಗೊಳಗಾದದ್ದು ಈ ಮಂಡಳಿಯೇ. ತಜ್ಞರೇ ಇಲ್ಲದ ಗ್ರಾಮೀಣ ಜಿಲ್ಲೆಗಳಲ್ಲಿ ಮಂಡಳಿ ಸೇರುವುದು ಹೇಗೆ, ದೂರದ ಹಳ್ಳಿಯ ಹೆಂಗಸು ಅದರ ಮುಂದೆ ಬರುವುದು ಹೇಗೆ ಎಂಬುದು ಆಕ್ಷೇಪ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು 24 ವಾರದ ಅವಕಾಶದಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಲ್ಲದೆಂದು ತೀರ್ಪು ನೀಡಿತು. ಅಪ್ರಾಪ್ತೆ ಅಥವಾ ಆಕೆಯ ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಆಕೆಯ ಗುರುತು ತಿಳಿಸಬೇಕಿಲ್ಲವೆಂದೂ ಹೇಳಿತು.

ಕಾಕನಕೋಟೆ ಸೀಮೆಯಲ್ಲಿ

ಸಂಸತ್ತಿನ ಆ ಆಕ್ಷೇಪ ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಕಣ್ಣಿಗೆ ಕಾಣುತ್ತದೆ. ಕಬಿನಿ ಹಿನ್ನೀರು ಮತ್ತು ನಾಗರಹೊಳೆ ಅರಣ್ಯದ ನಡುವೆ ಜೇನುಕುರುಬರ, ಕಾಡುಕುರುಬರ ಹಾಡಿಗಳಿವೆ. ಎಚ್.ಡಿ. ಕೋಟೆ ಪಟ್ಟಣದಿಂದಲೇ ಮೈಸೂರಿಗೆ ಸುಮಾರು 50 ಕಿ.ಮೀ. ದೂರ. ಹಾಡಿಗಳಿಂದ ಇನ್ನೂ ದೂರ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ ಕೆಲಸಕ್ಕೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೇ ಬರಬೇಕು. ಕೂಲಿ ಬಿಟ್ಟು, ಬಸ್ಸು ಹಿಡಿದು, ಜೊತೆಗೊಬ್ಬರನ್ನು ಕರೆದುಕೊಂಡು ಬರುವಷ್ಟರಲ್ಲಿ ಒಂದೆರಡು ವಾರ ಕಳೆಯುವುದು ಕಷ್ಟವೇನಲ್ಲ. 20 ಮತ್ತು 24 ವಾರಗಳ ಗೆರೆ ಎಳೆದ ಕಾನೂನಿನಲ್ಲಿ ಆ ಒಂದೆರಡು ವಾರವೇ ಅನುಮತಿಗೂ ಅಪರಾಧಕ್ಕೂ ನಡುವಿನ ಅಂತರ.

ಇದೇ ಸೀಮೆಗೆ ಹೊಂದಿಕೊಂಡ ಮಂಡ್ಯ ಜಿಲ್ಲೆಯಲ್ಲಿ ಎರಡನೆಯ ಪ್ರಶ್ನೆ ಎದ್ದಿತು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನು ಬಯಲಿಗೆಳೆದರು. ತನಿಖೆಯ ಪ್ರಕಾರ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು, ಗರ್ಭಪಾತಕ್ಕೆ ಮೈಸೂರಿನ ಖಾಸಗಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಪ್ರಕರಣ ಸಿಐಡಿಗೆ ಹೋಯಿತು. ಆ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲೂ ವಿಷಯ ಪ್ರಸ್ತಾಪವಾಯಿತು. 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಮತ್ತೊಂದು ಪ್ರಕರಣ ಹೊರಬಂತು.

1994ರ ಕಾಯ್ದೆ 2003ರ ತಿದ್ದುಪಡಿಯ ನಂತರ ಸಾಕಷ್ಟು ಕಟ್ಟುನಿಟ್ಟಾಗಿಯೇ ಇದೆ. ಪ್ರತಿ ಸ್ಕ್ಯಾನಿಂಗ್ ಯಂತ್ರ ನೋಂದಣಿಯಾಗಬೇಕು, ಪ್ರತಿ ಗರ್ಭಿಣಿಯ ಸ್ಕ್ಯಾನಿಂಗಿಗೂ ದಾಖಲೆ ಇಡಬೇಕು. ಲಿಂಗ ಹೇಳಿದ ವೈದ್ಯರಿಗೆ ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಕೇಳಿದ ಮನೆಯವರಿಗೂ ಅಷ್ಟೇ ಅವಧಿಯ ಜೈಲು ಮತ್ತು 50,000 ರೂ.ವರೆಗೆ ದಂಡ. ಗರ್ಭಿಣಿಯನ್ನು ಮಾತ್ರ ಒತ್ತಾಯಕ್ಕೆ ಒಳಗಾದವಳೆಂದೇ ಕಾಯ್ದೆ ಭಾವಿಸುತ್ತದೆ. ಮಂಡ್ಯದ ಆಲೆಮನೆಯಲ್ಲಿ ಮುರಿದದ್ದು ಈ ಕಾಯ್ದೆ. ಅದಕ್ಕೆ ಮದ್ದೆಂದು ಎಲ್ಲ ಗರ್ಭಪಾತವನ್ನೂ ಅನುಮಾನದಿಂದ ನೋಡಿದರೆ ಜಾಲದವರಿಗಿಂತ ಮೊದಲು ಬಾಗಿಲು ಮುಚ್ಚುವುದು ಹಾಡಿಯಿಂದ ಬಂದ ಹೆಂಗಸಿಗೆ. ವೈದ್ಯರು ಉಸಾಬರಿ ಬೇಡವೆಂದು ಹಿಂಜರಿದರೆ ಆಕೆ ಮತ್ತೆ ನಾಟಿ ಮದ್ದಿನತ್ತ ಹೋಗುತ್ತಾಳೆ.

ಹೊರದೇಶದ ಒಂದು ಪಾಠ

ಅತಿ ಬಿಗಿಯಾದ ಕಾನೂನಿನ ಪರಿಣಾಮವನ್ನು ಕರ್ನಾಟಕದ ಕುಟುಂಬವೊಂದು ಅನುಭವಿಸಿದೆ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೆಯಲ್ಲಿ 17 ವಾರದ ಗರ್ಭಿಣಿಯಾಗಿದ್ದಾಗ ಗರ್ಭ ಉಳಿಯದೆಂದು ಖಚಿತವಾಯಿತು. ಭ್ರೂಣದ ಎದೆಬಡಿತ ಇನ್ನೂ ಇದೆಯೆಂಬ ಕಾರಣಕ್ಕೆ ಗರ್ಭಪಾತದ ಕೋರಿಕೆಯನ್ನು ಒಪ್ಪಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ರಂದು, 31ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು. 2013ರಲ್ಲಿ ಐರ್ಲೆಂಡ್ ಸಂಸತ್ತು ತಾಯಿಯ ಜೀವರಕ್ಷಣೆಗೆ ಕಾನೂನು ತಂದಿತು. 2018ರ ಮೇ 25ರ ಜನಮತ ಸಂಗ್ರಹದಲ್ಲಿ ಶೇ. 66.4 ಮತದಾರರು ಸಂವಿಧಾನದ ನಿರ್ಬಂಧವನ್ನು ತೆಗೆಯಲು ಒಪ್ಪಿದರು.

ಜೈನ ಸಮಾಜ ಮತ್ತು ಅಂಕಿ ಅಂಶ

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿ, ಕೆ.ಆರ್. ನಗರ ಕಡೆಯ ಚಿಕ್ಕಹನಸೋಗೆ ಮತ್ತು ಸಾಲಿಗ್ರಾಮದ ಬಸದಿಗಳು ಈ ಸೀಮೆಯ ಹಳೆಯ ಜೈನ ನೆಲೆಗಳು. ಜೈನ ಸಂಪ್ರದಾಯದಲ್ಲಿ ಗರ್ಭಸ್ಥ ಶಿಶುವೂ ಪಂಚೇಂದ್ರಿಯ ಜೀವ, ಗರ್ಭಪಾತ ಹಿಂಸೆ. ಆದರೆ 2001ರ ಜನಗಣತಿಯಲ್ಲಿ ದೇಶದ ಜೈನರಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ 870 ಹೆಣ್ಣುಮಕ್ಕಳಿದ್ದರು. 2011ರಲ್ಲಿ ಅದು 889ಕ್ಕೆ ಏರಿತು. ಆಗ ಇಡೀ ದೇಶದ ಸರಾಸರಿ 918, ಕರ್ನಾಟಕದ್ದು 948. ಹೆಚ್ಚು ಓದಿದ, ಅನುಕೂಲಸ್ಥ ಸಮಾಜವೊಂದರಲ್ಲಿ ಹೆಣ್ಣುಮಕ್ಕಳ ಸಂಖ್ಯೆ ದೇಶದ ಸರಾಸರಿಗಿಂತ ಕೆಳಗಿದೆ. ದೇಶದಲ್ಲಿ ಲಿಂಗ ಪತ್ತೆ ನಡೆದದ್ದು ಬಡವರ ಮನೆಗಳಲ್ಲಿ ಮಾತ್ರವಲ್ಲ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ತಿಳಿದಿರಬೇಕಾದದ್ದು

ವಯಸ್ಕ ಮಹಿಳೆಯ ಗರ್ಭಪಾತಕ್ಕೆ ಆಕೆಯ ಒಪ್ಪಿಗೆಯೊಂದೇ ಸಾಕು, ಗಂಡನ ಅಥವಾ ಅತ್ತೆ ಮಾವನ ಸಹಿ ಕಾನೂನಿಗೆ ಬೇಕಿಲ್ಲ. 18 ವರ್ಷದೊಳಗಿನವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಗರ್ಭಪಾತ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಅನುಮತಿ ಪಡೆದ ಖಾಸಗಿ ಆಸ್ಪತ್ರೆಯಲ್ಲಿ ಮಾತ್ರ ನಡೆಯಬೇಕು. ಲಿಂಗ ಪತ್ತೆಯ ಬಗ್ಗೆ ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ಯಾರು ಬೇಕಾದರೂ ದೂರು ಕೊಡಬಹುದು. ರಾಜ್ಯದ ಆರೋಗ್ಯ ಸಹಾಯವಾಣಿ 104.